ಠಾಣೆಯ ಗೇಟಿನ ಹತ್ತಿರ ಗಿರಿಜಕ್ಕನ ಬಂಗುಡೆ

ಸರೋಜಾ, ಮಂಡಿನೋವು ಹೇಗಿದೆ? ರಘು, ಮಗುವಿನ ಜ್ವರ ಇಳಿಯಿತೇ? ನಾವಿಲ್ಲಿ ಆರಾಮ.

ಇವತ್ತು ಬೆಳಿಗ್ಗೆ ನಮ್ಮ ಹೊಸ ಎಸ್‌ಐ, ಬಯಲುಸೀಮೆಯವರು, ಹೆದ್ದಾರಿ ಬದಿ ಮೀನು ಮಾರುವ ಗಿರಿಜಕ್ಕನನ್ನು ಅಪಾಯವೆಂದು ಅಲ್ಲಿಂದ ಎಬ್ಬಿಸಿದರು. ಪಂಚಾಯತ್ ಅಧ್ಯಕ್ಷರು ಓಡಿಬಂದರು.

"ಹ್ವಾಯ್ ಸಾಹೇಬ್ರೇ, ಅವ್ರ್ ನಮ್ ಜನ. ಎಂಎಲ್‌ಎಗೆ ಫೋನ್ ಮಾಡ್ತೆ!"

"ಮಾಡ್ರಿ. ಬಸ್ ಗುದ್ದಿದ್ರ ಫೋನ್ ನನಗ ಬರ್ತೈತಿ."

ಗಿರಿಜಕ್ಕ ರೇಗಿದರು: "ನಿಮ್ ಜಗ್ಳದಂಗೆ ನನ್ ಬಂಗ್ಡಿ ಮೀನ್ ಹಾಳಾತ್ತ್! ಎಲ್ ಕೂಕಂಬ್ದ್, ಅದ್ನ್ ಹೇಳಿ."

ಎಸ್‌ಐ ಅವರಿಗೆ ಕೂರಲು ಠಾಣೆಯ ಗೇಟಿನ ಪಕ್ಕದ ಮರದ ನೆರಳು ತೋರಿಸಿದರು. "ಜಾಗ ನಾನೇ ಕೊಡ್ಸಿದ್ದ್" ಎಂದು ಅಧ್ಯಕ್ಷರು ಎಲ್ಲರಿಗೂ ಹೇಳಿದರು. ಎಸ್‌ಐ ನಕ್ಕರು.

ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ಪೊಲೀಸರ ಎದುರು ಚೌಕಾಶಿ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ, ಅಧ್ಯಕ್ಷರಿಗೂ.

ಅಲ್ಲಿ ಮೀನಿಗೆ ಚೌಕಾಶಿ ನಡೆಯುತ್ತದೆಯೇ? ಬೇಗ ಬರೆಯಿರಿ.