ಪಿಸ್ಟನ್ ಮೇಲಿನ ಜಾಗ

ಹೋದ ವಾರ ನಾನು ಗಣಿತದಲ್ಲಿ ಫೇಲಾದೆ. ಶಿಕಾರಿಪುರದ ಹೈಸ್ಕೂಲಿನಲ್ಲಿ ದಿನಾ ಬೆಳಗಾದರೆ ಅದೇ ಗಣಿತ ಕಲಿಸುವ ನಾನು! ಫೇಲು ಮಾಡಿದವಳು ನನ್ನ ಸ್ವಂತ ಅಕ್ಕ ಗೌರಮ್ಮ. ಅವಳು ಓದಿದ್ದು ನಾಲ್ಕನೇ ಕ್ಲಾಸು.

ವಿಷಯ ಒಂದು ಲಾರಿಯದು.

ಅಕ್ಕನನ್ನು ಕೊಟ್ಟಿರುವುದು ಸೊರಬದ ಕಡೆ, ಕುಪ್ಪಗಡ್ಡೆಗೆ. ಭಾವ ಚನ್ನಬಸಪ್ಪನವರ ಹತ್ತಿರ ಹಳೇ ಪೆಟ್ರೋಲ್ ಲಾರಿ ಒಂದಿದೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮಾಲು. ಊರವರು ಅದಕ್ಕೆ ‘ಸುಬೇದಾರ’ ಅಂತ ಹೆಸರಿಟ್ಟಿದ್ದಾರೆ. (ಈಗ ಅದಕ್ಕೆ ಪಿಂಚಣಿ ವಯಸ್ಸು.) ಸುತ್ತಲಿನ ಹಳ್ಳಿಗಳ ಭತ್ತವನ್ನು ಶಿರಾಳಕೊಪ್ಪದ ಗಿರಣಿಗೆ ಸಾಗಿಸುವುದೇ ಭಾವನ ಉದ್ಯೋಗ. ಯಾರ ಕೈಕೆಳಗೂ ದುಡಿದವರಲ್ಲ. ಆ ಹೆಮ್ಮೆ ಅವರು ಸ್ಟೀರಿಂಗ್ ಹಿಡಿಯುವ ರೀತಿಯಲ್ಲೇ ಕಾಣುತ್ತದೆ.

ಈ ಸಲ ಸುಗ್ಗಿಯ ಮುಂಚೆಯೇ ಸುಬೇದಾರ ಕೈಕೊಟ್ಟ. ಹಿಂದೆಲ್ಲ ನೀಲಿ ಹೊಗೆ. ಸಣ್ಣ ಏರು ಕಂಡರೂ ಏದುಸಿರು. ಭಾವ ತೀರ್ಮಾನ ಹೇಳಿಬಿಟ್ಟರು. ಎಂಜಿನ್ ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸುವುದು. ಆಮೇಲೂ ಎಳೆಯದಿದ್ದರೆ ಲಾರಿಯನ್ನು ಗುಜರಿಗೆ ಹಾಕಿ, ತಾವು ಭದ್ರಾವತಿಗೆ ಹೋಗಿ ಯಾರದಾದರೂ ಗಾಡಿಗೆ ಡ್ರೈವರ್ ಆಗುವುದು. ಅಕ್ಕ, ಮಕ್ಕಳು ಕುಪ್ಪಗಡ್ಡೆಯಲ್ಲೇ ಇರುವುದು.

ಅಕ್ಕನನ್ನು ಯಾರೂ ಒಂದು ಮಾತು ಕೇಳಲಿಲ್ಲ. (ನಾನೂ ಕೇಳಲಿಲ್ಲ. ಒಪ್ಪಿಕೊಂಡುಬಿಡುತ್ತೇನೆ.)

ಕೆಲಸ ಹಿಡಿದವರು ಶಿರಾಳಕೊಪ್ಪದ ಮೌನೇಶಾಚಾರ್ರು. ಅವರ ತಂದೆ ಕುಲುಮೆಯಲ್ಲಿ ಗಾಡಿಚಕ್ರಕ್ಕೆ ಪಟ್ಟಿ ಹಾಕುತ್ತಿದ್ದವರು. ಇವರು ಅದೇ ಕುಲುಮೆಯ ಪಕ್ಕದಲ್ಲಿ ಲಾರಿ ಬಿಚ್ಚುತ್ತಾರೆ. ಉದ್ದನೆಯ ಸ್ಪ್ಯಾನರಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ, ಡಾಕ್ಟರಂತೆ ಕಣ್ಣು ಮುಚ್ಚಿ ಕೇಳುತ್ತಾರೆ. ಮಾತು ಕಡಿಮೆ.

ಸಿಲಿಂಡರ್ ಸವೆದಿತ್ತು. ಕೊರೆಸಿ ಅಗಲ ಮಾಡಿಸಿದ್ದಾಯಿತು. ಅದಕ್ಕೆ ಹೊಂದುವ ದಪ್ಪ ಪಿಸ್ಟನ್ ಬೇಕಲ್ಲ? ದಾವಣಗೆರೆಯ ಅಂಗಡಿಯವನು ಆರಾರು ಪಿಸ್ಟನ್ನಿನ ಎರಡು ಸೆಟ್ ಕಳಿಸಿದ. ಒಂದು ಚಪ್ಪಟೆ ತಲೆಯದು. ಇನ್ನೊಂದು ಉಬ್ಬು ತಲೆಯದು, ಹೊಸ ಮಾಡೆಲ್ ಲಾರಿಗೆ ಬರುವಂಥದ್ದು. ಬೇಕಾದ್ದು ಇಟ್ಟುಕೊಂಡು ಬೇಡದ್ದು ವಾಪಸ್ ಮಾಡಿ ಎಂದಿದ್ದ.

ಯಾವುದನ್ನು ಹಾಕುವುದು? ಇಲ್ಲಿ ರಂಗಪ್ರವೇಶ ಮಾಡಿದ್ದು ನಾನು.

ನಿಮಗೂ ಸ್ವಲ್ಪ ಪಾಠ ಮಾಡಿಬಿಡುತ್ತೇನೆ, ಸಹಿಸಿಕೊಳ್ಳಿ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲ್ ತುಂಬಿಕೊಳ್ಳುತ್ತದೆ. ಮೇಲೇರಿದಾಗ ಅದನ್ನೆಲ್ಲ ತಲೆಯ ಮೇಲಿನ ಚಿಕ್ಕ ಜಾಗಕ್ಕೆ ಒತ್ತುತ್ತದೆ. ಎಷ್ಟು ಪಟ್ಟು ಒತ್ತುತ್ತದೆ ಎನ್ನುವುದೇ ಕಂಪ್ರೆಷನ್ ರೇಷಿಯೋ. ಹೆಚ್ಚಿದ್ದರೆ ಶಕ್ತಿ ಹೆಚ್ಚು. ತೀರಾ ಹೆಚ್ಚಾದರೆ, ನಮ್ಮಲ್ಲಿ ಸಿಗುವ ಸಾದಾ ಪೆಟ್ರೋಲ್ ಹದವಾಗಿ ಉರಿಯದೆ ಸಿಡಿಯುತ್ತದೆ. ಪಿಸ್ಟನ್ ಒಡೆದರೂ ಒಡೆಯಿತು. ಲಾರಿಯ ಜೊತೆ ಬಂದ ಪುಸ್ತಕದಲ್ಲಿ ಆರು ಪಾಯಿಂಟ್ ಎರಡು ಪಟ್ಟು ಎಂದು ಅಚ್ಚಾಗಿತ್ತು.

ಶಾಲೆಯ ಲ್ಯಾಬಿನಿಂದ ಅಳತೆಯ ಗಾಜಿನ ಜಾಡಿ ತಂದೆ. ಒಂದೊಂದು ಬಗೆಯ ಪಿಸ್ಟನ್ ಜೋಡಿಸಿ, ಅದನ್ನು ತುತ್ತತುದಿಗೆ ಏರಿಸಿ, ಮೇಲಿನ ಜಾಗ ತುಂಬುವ ತನಕ ಆಚಾರ್ರು ಎಣ್ಣೆ ಹೊಯ್ದರು. ಚಪ್ಪಟೆ ತಲೆಗೆ ಏಳೂವರೆ ಘನ ಅಂಗುಲ ಹಿಡಿಯಿತು. ಉಬ್ಬು ತಲೆಗೆ ಆರು. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಜಾಗ ಮೂವತ್ತೊಂಬತ್ತು. ನಾನು ಸೀಮೆಸುಣ್ಣ ಹಿಡಿದು ಕುಲುಮೆಯ ಬಾಗಿಲ ಮೇಲೆ ಭಾಗಾಕಾರ ಮಾಡಿದೆ. ಚಪ್ಪಟೆ ತಲೆ ಐದು ಪಾಯಿಂಟ್ ಎರಡು. ಉಬ್ಬು ತಲೆ ಆರೂವರೆ.

ಪುಸ್ತಕಕ್ಕೆ ಹತ್ತಿರ ಯಾವುದು? ಉಬ್ಬು ತಲೆ. ಮುಗಿಯಿತಲ್ಲ! (ಚಪ್ಪಟೆಯದು ಪುಸ್ತಕಕ್ಕಿಂತ ಸರಿಯಾಗಿ ಒಂದು ಕಡಿಮೆ ಬಂದಿತ್ತು. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.)

ಆಚಾರ್ರು ತಲೆ ಕೆರೆದುಕೊಂಡರು. “ಮೇಷ್ಟ್ರೆ, ಈ ಉಬ್ಬು ತಲೇದು ನಮ್ ಪೆಟ್ರೋಲಿಗೆ ಒಗ್ಗಲ್ಲ ಅನ್ಸತ್ತೆ ರೀ” ಎಂದರು.

ಯಾಕೆ ಎಂದು ಕೇಳಿದೆ. ಎಣ್ಣೆ ಬೇಗ ತುಂಬಿತು ಎಂದರು. ಇದೂ ಒಂದು ಕಾರಣವೇ? ಬಾಗಿಲ ಮೇಲಿನ ಲೆಕ್ಕ ತೋರಿಸಿದೆ. ಅವರು ಸುಮ್ಮನಾದರು. ಮೇಷ್ಟ್ರುಗಳ ಎದುರು ಜನ ಹೀಗೆ ಸುಮ್ಮನಾಗುವುದು ನಮಗೆ ಒಳ್ಳೆಯದಲ್ಲ ಎಂದು ಈಗ ಗೊತ್ತಾಗಿದೆ.

ಎಂಜಿನ್ ಸಿದ್ಧವಾಯಿತು. ಖಾಲಿ ಲಾರಿ ಕುಪ್ಪಗಡ್ಡೆಯವರೆಗೆ ಮದುವೆ ಗಂಡಿನ ಹಾಗೆ ಹೋಯಿತು. ಮಾರನೇ ದಿನ ಬೆಳಿಗ್ಗೆ ಭತ್ತದ ಮೂಟೆ ಹೇರಿ ಹೊರಟೆವು. ಊರು ದಾಟಿ ಮೊದಲ ಏರು ಸಿಕ್ಕಿತು ನೋಡಿ. ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದಂತೆ ಕಟಕಟ ಸದ್ದು. ಇನ್ನಷ್ಟು ಒತ್ತಿದರೆ ಇನ್ನಷ್ಟು ಕಟಕಟ. ಭಾವ ಕಾಲು ತೆಗೆದರು. ಲಾರಿ ತಿರುಗಿಸಿ ಮನೆಗೆ ತಂದು ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ. ಜಗಲಿಯಲ್ಲಿ ಕೂತು ಅಕ್ಕನಿಗೆ ಹೇಳಿದ್ದು ಒಂದೇ ಮಾತು.

“ನನ್ ಟ್ರಂಕ್ ಇಳ್ಸಿಡು.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಡಿಗೆಮನೆಗೆ ಹೋಗಿ ಅವಿತುಕೊಂಡೆ. ಅಕ್ಕ ಹಿಂದೆಯೇ ಬಂದಳು. ಟ್ರಂಕ್ ಇಳಿಸಲಿಲ್ಲ. ಏನು ಲೆಕ್ಕ ಹಾಕಿದೆ, ನನಗೂ ಹೇಳು ಎಂದಳು. ನಿನಗೆ ತಿಳಿಯುವುದಿಲ್ಲ ಎಂದೆ. ತಿಳಿಯುವ ಹಾಗೆ ಹೇಳುವುದಕ್ಕೇ ಅಲ್ಲವಾ ನಿನಗೆ ಸಂಬಳ ಎಂದಳು.

ಎದುರಿಗೆ ಡಬ್ಬಿಯ ತುಂಬ ಮಂಡಕ್ಕಿ ಇತ್ತು. ಇದು ಸಿಲಿಂಡರ್, ಮಂಡಕ್ಕಿಯೇ ಗಾಳಿ ಎಂದೆ. ಒಂದು ಚೊಂಬು ತೆಗೆದುಕೊಂಡು, ಇದು ಪಿಸ್ಟನ್ ಎಂದು ಮೇಲಿನಿಂದ ಒತ್ತಿದೆ. ಚೊಂಬು ಮೂವತ್ತೊಂಬತ್ತು ಪಾಲು ಇಳಿಯಿತು, ತಳದಲ್ಲಿ ಉಳಿದ ಜಾಗ ಆರು ಪಾಲು, ಮೂವತ್ತೊಂಬತ್ತನ್ನು ಆರರಿಂದ ಭಾಗಿಸಿದರೆ ಆರೂವರೆ ಎಂದೆ.

ಅಕ್ಕ ಡಬ್ಬಿಯೊಳಗೆ ಬಗ್ಗಿ ನೋಡಿದಳು.

“ಅಲ್ಲ ಕಣೋ, ತಳದ ಆರು ಪಾಲಲ್ಲೂ ಮೊದ್ಲೇ ಮಂಡಕ್ಕಿ ಇತ್ತಲ್ಲ? ಅದೆಲ್ಲಿ ಹೋತು?”

ನಾನು ಚೊಂಬು ಕೆಳಗಿಟ್ಟು ಮತ್ತೆ ಎಣಿಸಿದೆ.

ಮೂವತ್ತೊಂಬತ್ತಲ್ಲ. ನಲವತ್ತೈದು! ನಲವತ್ತೈದನ್ನು ಆರಕ್ಕೆ ಒತ್ತುವುದು. ಏಳೂವರೆ ಪಟ್ಟು. ಸುಬೇದಾರ ಕಟಕಟ ಹಲ್ಲು ಕಡಿಯದೆ ಇನ್ನೇನು ಮಾಡಿಯಾನು? ಚಪ್ಪಟೆ ತಲೆಗೆ ಲೆಕ್ಕ ಮಾಡಿದೆ. ನಲವತ್ತಾರೂವರೆಯನ್ನು ಏಳೂವರೆಯಿಂದ ಭಾಗಿಸಿದರೆ ಪುಸ್ತಕದ್ದೇ ಸಂಖ್ಯೆ. ಆರು ಪಾಯಿಂಟ್ ಎರಡು. ನಾಚಿಕೆಯೂ ಆಯಿತು, ಕುಣಿಯುವಷ್ಟು ಸಂತೋಷವೂ ಆಯಿತು. ಕುಣಿಯಲಿಲ್ಲ. ಭಾವ ಜಗಲಿಯಲ್ಲಿದ್ದರು.

ಅವರನ್ನು ಒಪ್ಪಿಸಿದ್ದು ನನ್ನ ಗಣಿತವಲ್ಲ. ಅಕ್ಕ ಮಂಡಕ್ಕಿ ಡಬ್ಬಿ ಜಗಲಿಗೆ ತಂದು ಮತ್ತೊಮ್ಮೆ ಒತ್ತಿ ತೋರಿಸಿದಳು. ಭಾವ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಎದ್ದರು.

ಶಿರಾಳಕೊಪ್ಪಕ್ಕೆ ಹೋದರೆ ಇನ್ನೊಂದು ಭಯ. ಚಪ್ಪಟೆ ಸೆಟ್ ದಾವಣಗೆರೆಗೆ ವಾಪಸ್ ಹೋಗಿರಬೇಕಲ್ಲ? ಆಚಾರ್ರು ಮೂಲೆಯಿಂದ ಗೋಣಿಚೀಲದ ಗಂಟು ಎಳೆದು ಬಿಚ್ಚಿದರು. ಆರೂ ಪಿಸ್ಟನ್ ಅಲ್ಲೇ ಇದ್ದವು.

“ನಿಮ್ ಲೆಕ್ಕ ಪೂರ್ತಿ ಮುಗೀಲಿ ಅಂತ ಇಟ್ಕಂಡಿದ್ದೆ ರೀ” ಎಂದರು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ. (ಬಾಗಿಲ ಮೇಲಿನ ನನ್ನ ಭಾಗಾಕಾರವನ್ನು ಅವರು ಇನ್ನೂ ಒರೆಸಿಲ್ಲ.)

ಮೊನ್ನೆ ಮತ್ತೆ ಪೂರಾ ಲೋಡು ಹೇರಿದೆವು. ಈ ಸಲ ನಾನೂ ಬರುತ್ತೇನೆ ಎಂದು ಅಕ್ಕ ಹತ್ತಿ ನಡುವೆ ಕೂತಳು. ಅದೇ ಏರು. ಸುಬೇದಾರ ಸ್ವಲ್ಪ ಗೊಣಗಿದ. ಆದರೆ ಹತ್ತಿದ. ಕಟಕಟ ಇಲ್ಲ, ಹೊಗೆ ಇಲ್ಲ. ಭಾವ ಬೆನ್ನು ನೆಟ್ಟಗೆ ಮಾಡಿಕೊಂಡು ಮೊದಲಿನ ಹಾಗೆ ಸ್ಟೀರಿಂಗ್ ಹಿಡಿದರು. ನನ್ನ ಕಣ್ಣು ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಅಕ್ಕ ಮೆಲ್ಲಗೆ ಗಂಡನನ್ನು ಕೇಳಿದಳು. “ಭದ್ರಾವತಿಗೆ ಹೋಗ್ತೀನಿ ಅಂದ್ರಲ್ಲ, ಇಲ್ಲೇ ಇರೋರ್ನ ಆ ಲೆಕ್ಕಕ್ಕೆ ತಗಂಡಿದ್ರಾ?”

ಭಾವ ಗೇರ್ ಬದಲಿಸಿದರು. ಬದಲಿಸುವ ಅಗತ್ಯವೇ ಇರಲಿಲ್ಲ. ಆಮೇಲೆ, ಇಲ್ಲ ಎಂದು ತಲೆಯಾಡಿಸಿದರು.

ಅಂದಹಾಗೆ, ನಿಮ್ಮ ಮನೆಯಲ್ಲಿ ಕೊನೆಯ ಸಲ ದೊಡ್ಡ ಲೆಕ್ಕ ಹಾಕಿದಾಗ ಅಡಿಗೆಮನೆಯಲ್ಲಿದ್ದವರನ್ನು ಕರೆದಿದ್ದಿರಾ?