ಬೆಟ್ಟಮ್ಮ ಮೇಸ್ತ್ರಿಯಾದ ಬಗೆ

ಲಷ್ಕರ್ ಮೊಹಲ್ಲಾದ ಹಿಂಬದಿಯಲ್ಲಿದ್ದ ಕೃಷ್ಣಪ್ಪನವರ ಊದುಬತ್ತಿ ಕಾರ್ಖಾನೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಹಾಜರಿ ಬರೆದೆ. ಹೆಸರು ಸುಂದರೇಶ. ಅಲ್ಲಿ ಆ ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಎಲ್ಲರಿಗೂ ನಾನು ರೈಟ್ರು. ಗೇಟಿನ ಪಕ್ಕ ಒಂದು ಮೇಜು, ಹಾಜರಿ ಪುಸ್ತಕ, ಕಬ್ಬಿಣದ ಗಂಟೆ, ಬೀಗದ ಕೈ, ಇಷ್ಟೇ ನನ್ನ ರಾಜ್ಯ. ಅಲ್ಲಿ ಕೂತುಕೊಂಡೇ ಎಲ್ಲರ ಯೋಗ್ಯತೆಯನ್ನೂ ಅಳೆದುಬಿಟ್ಟಿದ್ದೇನೆಂದು ತಿಳಿದಿದ್ದೆ. ಬೆಟ್ಟಮ್ಮನ ವಿಷಯದಲ್ಲಿ ಆ ಅಳತೆ ತಪ್ಪಿತು. ಅದನ್ನು ಒಪ್ಪಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶೆಡ್ಡಿನಲ್ಲಿ ಇಪ್ಪತ್ತೆಂಟು ಹೆಂಗಸರು, ಒಬ್ಬೊಬ್ಬರ ಮುಂದೆಯೂ ಒಂದು ಗಿಡ್ಡ ಮಣೆ. ಇದ್ದಿಲು ಪುಡಿ, ಅಂಟಿನ ಪುಡಿ, ಗಂಧದ ಪುಡಿ ಕಲಸಿದ ಕರಿ ಹಿಟ್ಟನ್ನು ಬಿದಿರು ಕಡ್ಡಿಗೆ ಮೆತ್ತಿ ಮಣೆಯ ಮೇಲೆ ಅಂಗೈಯಲ್ಲಿ ಹೊಸೆಯಬೇಕು. ಹಿಡಿದುಕೊಳ್ಳಲು ಬುಡದಲ್ಲಿ ಎರಡು ಬೆರಳಗಲ ಬರಿ ಕಡ್ಡಿ ಬಿಡಬೇಕು. ಅದಕ್ಕೆ ಸ್ಕೇಲು ಗೀಲು ಇರಲಿಲ್ಲ, ಅವರವರ ಬೆರಳೇ ಅಳತೆ. ಹಿಟ್ಟು ಒಂದೇ ಸಮ ಕೂರದೆ ಒಂದು ಕಡೆ ದಪ್ಪವಾದರೆ ಕಡ್ಡಿ ಅರ್ಧ ಉರಿದು ಆರಿಹೋಗುತ್ತದೆ. ದೇವರ ಮುಂದೆ ಹಚ್ಚಿದ ಕಡ್ಡಿ ಅರ್ಧಕ್ಕೆ ಆರಿದರೆ ನಮ್ಮ ಜನ ಸುಮ್ಮನಿರುತ್ತಾರೆಯೇ?

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದವಳು ಮೊದಲ ಹದಿನೈದು ದಿನ ಕಲಿಸುವವಳ ಮಣೆಯಲ್ಲೇ ಹೊಸೆಯಬೇಕು. ವರ್ಷವರ್ಷವೂ ಆಯುಧಪೂಜೆಯ ದಿನ ಮಣೆಗೆ ಅರಿಶಿನ ಕುಂಕುಮ ಇಟ್ಟ ಮೇಲೆ ಕಲಿಸಿದವಳ ಕಾಲಿಗೆ ಬೀಳಬೇಕು. ಆಮೇಲೆ ಸಾಯುವ ತನಕ ಆಕೆ ಹೊಸೆದ ಕಡ್ಡಿಯಲ್ಲಿ ಹುಳುಕು ಹುಡುಕುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಮೀರಿದವರೂ ಇರಲಿಲ್ಲ. ವರುಣದ ಕಡೆಯ ಹಳ್ಳಿಯಿಂದ, ಜಟಕಾ ಓಡಿಸುವ ಚಿಕ್ಕಣ್ಣನನ್ನು ಮದುವೆಯಾಗಿ ಮೈಸೂರಿಗೆ ಬಂದ ಬೆಟ್ಟಮ್ಮ ಹೊಸೆಯಲು ಕಲಿತದ್ದು ಅಂಬುಜಮ್ಮನವರ ಮಣೆಯಲ್ಲಿ. ಅಂಬುಜಮ್ಮನವರು ಶೆಡ್ಡಿಗೆಲ್ಲ ಹಿರಿಯರು. ಗಂಡ ಇಲ್ಲ, ಮಕ್ಕಳಿಲ್ಲ. ಭಾನುವಾರ ರಜವೆಂದರೆ ಅವರಿಗೆ ಬೇಜಾರು.

ಸಾವಿರದ ಒಂಬೈನೂರ ಐವತ್ತಮೂರರ ಯುಗಾದಿ ಕಳೆದ ಮೇಲೆ ನಮ್ಮ ಮೇಸ್ತ್ರಿ ಜವರಯ್ಯ ಕೆಲಸ ಬಿಟ್ಟ. ಅವನ ಆಡಳಿತವೆಲ್ಲ ಗಂಟಲಿನಲ್ಲಿತ್ತು. ಸೊಟ್ಟ ಕಡ್ಡಿ ಕಂಡರೆ ಹೊಸೆದವಳ ಮುಂದೆ ಎಸೆದು, ಅವಳ ಅಪ್ಪ ಅವ್ವನನ್ನೂ ಸೇರಿಸಿ ಬಯ್ಯುತ್ತಿದ್ದ. ಮನೆಮನೆಗೆ ಕಡ್ಡಿ ಹಂಚಿ ಹೊಸೆಸುವ ಗುತ್ತಿಗೆ ಹಿಡಿಯುತ್ತೇನೆಂದು ಹೋದ. ಅವನ ಜಾಗಕ್ಕೆ ಬೆಟ್ಟಮ್ಮನನ್ನು ಹಾಕೋಣವೇ ಎಂದು ಕೃಷ್ಣಪ್ಪನವರು ನನ್ನನ್ನು ಕೇಳಿದರು. ಅವಳಷ್ಟು ಚೆನ್ನಾಗಿ ಹೊಸೆಯುವ ಕೈ ಇನ್ನೊಂದಿಲ್ಲ ಎಂಬುದು ಅವರ ಲೆಕ್ಕ.

"ಒಳ್ಳೆ ಎತ್ತು ಅಂತ ಗಾಡಿ ಹೊಡೆಯೋಕೆ ಕೂರ್ಸಕ್ಕಾಗುತ್ತಾ ಸ್ವಾಮಿ?" ಎಂದೆ. ನನ್ನ ಮಾತಿಗೆ ನಾನೇ ನಕ್ಕೆ. ಕೃಷ್ಣಪ್ಪನವರು ನಗಲಿಲ್ಲ, ಬೆಟ್ಟಮ್ಮನನ್ನೇ ಹಾಕಿದರು.

ಮೊದಲ ದಿನ ಅವಳಿಗೆ ಎಲ್ಲಿ ಕೂರಬೇಕೆಂದೇ ತಿಳಿಯಲಿಲ್ಲ. ಮೇಸ್ತ್ರಿಗೆ ಒಂದು ಸ್ಟೂಲಿತ್ತು. ಅಂಬುಜಮ್ಮನವರು ನೆಲದ ಮೇಲಿರುವಾಗ ತಾನು ಸ್ಟೂಲಿನ ಮೇಲೆ ಕೂರುವುದು ಹೇಗೆಂದು ಸಾಯಂಕಾಲದವರೆಗೂ ನಿಂತೇ ಇದ್ದಳು. ಮಾರನೆಯ ದಿನ ಸ್ಟೂಲನ್ನು ನನ್ನ ಮೇಜಿನ ಹತ್ತಿರ ತಂದಿಟ್ಟು, "ಇದು ನಿಮ್ಗಿರ್ಲಿ ರೈಟ್ರೇ, ನಿಮ್ ಕಾಲಿಗಾದ್ರೂ ಆಯ್ತದೆ," ಎಂದಳು. ಆಮೇಲೆ ಅವಳು ಕಂಡುಕೊಂಡ ದಾರಿ ಇಷ್ಟು: ಯಾರ ಕಡ್ಡಿ ಸರಿಯಿಲ್ಲವೋ ಅವಳ ಮಣೆಯೆದುರು ಚಕ್ಕಂಬಕ್ಕಳ ಹಾಕಿ ಕೂತು, "ಎಲ್ಲಿ, ಒಂದು ಹೊಸಿ ನೋಡವ," ಎನ್ನುವುದು. ಅವಳು ಹೊಸೆಯುವಾಗ ನೋಡಿ, ತಪ್ಪು ಅಂಗೈಯದೋ ಹಿಟ್ಟಿನದೋ ಹೇಳುವುದು. ಬೈಗುಳವೂ ಇಲ್ಲ, ಬೆಣ್ಣೆ ಹಚ್ಚುವ ಮಾತೂ ಇಲ್ಲ. ಪ್ರೇಮಮ್ಮ ಎಂಬ ಇಪ್ಪತ್ತರ ಹುಡುಗಿ ಇದ್ದಳು, ಬಾಯಿ ಬಲು ಜೋರು. ಜವರಯ್ಯನಿಗೆ ಎದುರು ಮಾತಾಡಿ ಎರಡು ಸಲ ಗೇಟಿನ ಹೊರಗೆ ಹೋಗಿದ್ದವಳು. ಅವಳ ಎದುರು ಬೆಟ್ಟಮ್ಮ ಮೂರು ದಿನ ಕೂತಳು. ನಾಲ್ಕನೆಯ ದಿನ ಪ್ರೇಮಮ್ಮನ ಕಡ್ಡಿಯಲ್ಲಿ ಹೆಸರಿಡುವಂಥದ್ದೇನೂ ಇರಲಿಲ್ಲ. ಎರಡು ತಿಂಗಳಲ್ಲಿ ತಿಪ್ಪೆಗೆ ಹೋಗುವ ಕಡ್ಡಿ ಕಾಲುಭಾಗಕ್ಕೆ ಇಳಿಯಿತು. ನನಗೆ ಹೊಟ್ಟೆಯುರಿಯಾಯಿತೆಂದರೆ ಸುಳ್ಳಲ್ಲ.

ಆಷಾಢ ಬಂತು. ಅಂಬುಜಮ್ಮನವರು ನಲ್ಲಿಯ ಹತ್ತಿರ ಜಾರಿಬಿದ್ದು ಬಲಗೈ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡರು. ಎಂಟು ದಿನ ಬಟ್ಟೆ ಸುತ್ತಿಕೊಂಡಿದ್ದು ಆಮೇಲೆ ಮಣೆಗೆ ಬಂದು ಕೂತರು. ಹೆಬ್ಬೆರಳಿನಲ್ಲಿ ಮೊದಲಿನ ಬಲ ಇರಲಿಲ್ಲ. ಹಿಟ್ಟು ತುದಿಯವರೆಗೆ ಹೋಗದೆ ಬುಡದಲ್ಲೇ ಗಂಟು ಕಟ್ಟುತ್ತಿತ್ತು.

ಬೆಟ್ಟಮ್ಮ ಅದನ್ನು ಮೊದಲ ಸಂಜೆಯೇ ಕಂಡಳು. ಎಲ್ಲರ ಮಣೆಯೆದುರು ಕೂತವಳಿಗೆ ಆ ಒಂದು ಮಣೆಯೆದುರು ಕೂರಲು ಆಗಲಿಲ್ಲ. ಹಾಗಾದರೆ ಮಾಡಿದ್ದೇನು? ಗಂಟೆ ಹೊಡೆದು ಎಲ್ಲರೂ ಹೊರಟ ಮೇಲೆ ಅಂಬುಜಮ್ಮನವರ ಕಡ್ಡಿಗಳಲ್ಲಿ ಕೆಟ್ಟವನ್ನು ಆರಿಸಿ, ಹಿಟ್ಟು ಕೆರೆದು, ತಾನೇ ಮತ್ತೆ ಹೊಸೆದು, ಒಣಗುವ ಚಪ್ಪರದಡಿ ಅವರ ಜಾಗದಲ್ಲೇ ಹರಡಿಬಿಡುತ್ತಿದ್ದಳು. ಆಷಾಢದ ಥಂಡಿಗೆ ಬೆಳಿಗ್ಗೆ ಹೊಸೆದದ್ದೂ ಸಂಜೆಗೆ ಹಸಿಯಾಗಿಯೇ ಇರುತ್ತಿತ್ತಲ್ಲ, ಅದೊಂದು ಅನುಕೂಲ. ದಿನಕ್ಕೆ ನಾನೂರು ಐನೂರು ಕಡ್ಡಿ. ಬೀಗ ಹಾಕಬೇಕಾದ ನಾನು ಕೂತು ಆಕಳಿಸುತ್ತಿದ್ದೆ. ಗೇಟಿನಾಚೆ ಚಿಕ್ಕಣ್ಣ ಜಟಕಾ ನಿಲ್ಲಿಸಿಕೊಂಡು, "ನಮ್ ಕುದ್ರೆಗೇ ಹೊತ್ತಿಗ್ ಸರಿಯಾಗಿ ಮೇವು ಸಿಕ್ತದೆ ರೈಟ್ರೇ, ನಂಗೇ ಇಲ್ಲ," ಎನ್ನುತ್ತಿದ್ದ.

"ಆಯಮ್ಮನಿಗೆ ಒಂದು ಮಾತು ಹೇಳೋಕೇನು ಬೆಟ್ಟಮ್ಮ?" ಎಂದು ಒಂದು ಸಂಜೆ ಕೇಳಿದೆ.

"ಸುಮ್ಕಿರಿ ರೈಟ್ರೇ. ಕಲ್ಸಿದ್ ಕೈಗೆ ಕೆಲ್ಸ ಬರಾಕಿಲ್ಲ ಅಂತ ನಾನ್ ಎಂಗೇಳ್ಲಿ? ಬೆಳ್ಳು ಸರಿಯಾದ್ರೆ ಎಲ್ಲ ಸರಿಯಾಯ್ತದೆ."

ಬೆರಳು ಸರಿಯಾಗಲಿಲ್ಲ. ಆಷಾಢದ ಕಡೆಯ ಶುಕ್ರವಾರ ಹೆಂಗಸರೆಲ್ಲ ಅರ್ಧ ದಿನಕ್ಕೆ ಕೆಲಸ ಮುಗಿಸಿ ಚಾಮುಂಡಿ ಬೆಟ್ಟ ಹತ್ತಲು ಹೋದರು, ಬೆಟ್ಟಮ್ಮನೂ ಹೋದಳು. ಅಂಬುಜಮ್ಮನವರ ಆ ದಿನದ ಕಡ್ಡಿ ತಿದ್ದದೆ ಹಾಗೆಯೇ ಒಣಗಿ, ಕಟ್ಟಾಗಿ, ಅಂಗಡಿ ಸೇರಿತು. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬ ಕಳೆದ ಮೂರನೆಯ ದಿನ ಅಗ್ರಹಾರದ ಅಂಗಡಿಯವರು ಹನ್ನೆರಡು ಕಟ್ಟು ವಾಪಸು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. ಕಳಸದ ಮುಂದೆ ಹಚ್ಚಿದ ಕಡ್ಡಿ ಅರ್ಧಕ್ಕೇ ಆರಿಹೋಯಿತೆಂದು ಮುತ್ತೈದೆಯರು ಅವರ ಅಂಗಡಿಯ ಮುಂದೆ ನಿಂತು ಶಾಪ ಹಾಕಿದ್ದರಂತೆ.

ಕೃಷ್ಣಪ್ಪನವರು ಶೆಡ್ಡಿನ ನಡುವೆ ಬಂದು ನಿಂತರು. ಕಿರುಚುವ ಮನುಷ್ಯರಲ್ಲ, ಅದಕ್ಕೇ ಎಲ್ಲರಿಗೂ ಭಯ. "ದಸರಾ ಮಾಲು ಶುರುವಾಗ್ಬೇಕು. ಇನ್ನೊಂದು ಕಟ್ಟು ವಾಪಸ್ ಬಂದ್ರೆ ಈ ಶೆಡ್ಡು ಮುಚ್ತೀನಿ. ಜವರಯ್ಯ ಮನೆಮನೆಗೆ ಹಂಚಿ ಮಾಡಿಸ್ಕೊಡ್ತೀನಿ ಅಂತ ಕಾದಿದ್ದಾನೆ. ಯಾರ ಕೈಯಮ್ಮ ಇದು, ಬೆಟ್ಟಮ್ಮ?"

"ಗೊತ್ತಿಲ್ಲ ಬುದ್ದಿ. ತಪ್ಪು ನಂದೇ," ಎಂದಳು.

ಅವರು ಹೋದ ಮೇಲೆ ಪ್ರೇಮಮ್ಮ ಎದ್ದು ನಿಂತಳು. "ಗೊತ್ತಿಲ್ವಾ ಬೆಟ್ಟಕ್ಕ? ಹೋದ್ ವಾರ ನನ್ ಕಡ್ಡಿ ಮೂವತ್ತು ವಾಪಸ್ ಕೊಟ್ರಲ್ಲ, ಅದ್ ಗೊತ್ತಾಯ್ತು, ಇದ್ ಗೊತ್ತಾಗ್ಲಿಲ್ವಾ? ಒಂದ್ ಕಣ್ಗೆ ಬೆಣ್ಣೆ, ಒಂದ್ ಕಣ್ಗೆ ಸುಣ್ಣ. ಸಂಜೆ ಹೊತ್ತು ನೀವು ಯಾರ್ ಕಡ್ಡಿ ತಿದ್ತೀರಿ ಅಂತ ನಮ್ಗೂ ಗೊತ್ತು ಕಣಕ್ಕ."

ಯಾರೂ ಅಂಬುಜಮ್ಮನವರ ಕಡೆ ನೋಡಲಿಲ್ಲ. ಅಂಬುಜಮ್ಮನವರು ತಲೆಯೆತ್ತದೆ ಹೊಸೆಯುತ್ತಲೇ ಇದ್ದರು.

ಆ ವಾರ ಶೆಡ್ಡು ಕೆಟ್ಟಿತು. ಬೆಟ್ಟಮ್ಮ ಯಾರ ಎದುರು ಕೂತರೂ ಅವಳು ಮುಖ ತಿರುಗಿಸುತ್ತಿದ್ದಳು. "ಆಯ್ತು, ತಿದ್ಕೋತೀನಿ," ಎಂದು ಒಬ್ಬೊಬ್ಬಳೂ ಹೇಳಿ, ತಿದ್ದಿಕೊಳ್ಳದೆ ಹಾಗೇ ಹೊಸೆಯುತ್ತಿದ್ದಳು. ತಿಪ್ಪೆಯ ಕಡ್ಡಿ ಜವರಯ್ಯನ ಕಾಲದ ಮಟ್ಟಕ್ಕೆ ಬಂತು. ಶನಿವಾರ ಸಂಜೆ ಬೆಟ್ಟಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು. ಬೆರಳಲ್ಲೆಲ್ಲ ಕರಿ ಹಿಟ್ಟು.

"ರೈಟ್ರೇ, ನಂಗೆ ಈ ಮೇಸ್ತ್ರಿಕೆ ಬ್ಯಾಡ ಅಂತ ಒಂದು ಅರ್ಜಿ ಬರ್ಕೊಡಿ. ನಾನು ನನ್ ಮಣೆಗೋಯ್ತೀನಿ."

ಯುಗಾದಿಯಿಂದ ನಾನು ಕಾದದ್ದು ಇದೇ ಮಾತಿಗೆ. ಬಂದಾಗ ಖುಷಿಯಾಗಬೇಕಿತ್ತು; ಸಿಟ್ಟು ಬಂತು. "ನಾನಿರೋದು ಹಾಜರಿ ಬರೆಯೋಕೆ, ಅರ್ಜಿ ಬರೆಯೋಕಲ್ಲ. ನೀನು ಮಣೆಗೆ ಹೋದ್ರೆ ಆಯಮ್ಮನ ಬೆರಳು ನೆಟ್ಟಗಾಗುತ್ತಾ? ಶೆಡ್ಡು ಮುಚ್ಚಿದ್ರೆ ಆಯಮ್ಮ ಎಲ್ಲಿಗೆ ಹೋಗ್ಬೇಕು?" ಎಂದು ರೇಗಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು. ಗದರಿದ್ದು ಜಾಸ್ತಿಯಾಯಿತೇನೋ ಎಂದು ಭಾನುವಾರವೆಲ್ಲ ನನಗೆ ಕಸಿವಿಸಿ.

ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಬೆಟ್ಟಮ್ಮ ಅಂಬುಜಮ್ಮನವರ ಮಣೆಯೆದುರು ಬಂದು, ಎಲ್ಲರ ಎದುರು ಕೂರುತ್ತಿದ್ದ ಹಾಗೆಯೇ, ಚಕ್ಕಂಬಕ್ಕಳ ಹಾಕಿ ಕೂತಳು. ಇಪ್ಪತ್ತಾರು ಮಣೆಗಳ ಸದ್ದು ನಿಂತಿತು. ನಾನೂ ಬಾಗಿಲವರೆಗೆ ಹೋದೆ.

"ಒಂದು ಹೊಸೀರಿ ನೋಡವ, ಅಂಬುಜಕ್ಕ," ಎಂದಳು.

ಅಂಬುಜಮ್ಮನವರು ಒಂದು ಕಡ್ಡಿ ಹೊಸೆದು ಅವಳ ಕೈಗಿಟ್ಟರು. ಬೆಟ್ಟಮ್ಮ ಅದನ್ನು ಬೆರಳಲ್ಲಿ ಸವರಿ ನೋಡಿದಳು. "ಬುಡ್ದಲ್ ದಪ್ಪ ಆಯ್ತಾ ಅದೆ ಅಕ್ಕ. ಇದು ಅರ್ಧಕ್ಕೆ ಆರೋಯ್ತದೆ. ವಾಪಸ್ ಬಂದಿದ್ದೂ ನಿಮ್ ಕೈಯ ಕಡ್ಡೀನೇ. ಇನ್ನು ಇದ್ನ ಕಟ್ಗೆ ಸೇರಿಸೋಕಾಗಲ್ಲ." ಹೇಳಿ ಮುಗಿಸುವಷ್ಟರಲ್ಲಿ ಕಣ್ಣೀರು ಸುರಿಯುತ್ತಿತ್ತು.

"ಅಳ್ಬೇಡ, ಹಿಟ್ಟು ನೀರಾಯ್ತದೆ," ಎಂದರು ಅಂಬುಜಮ್ಮನವರು. "ನನ್ ಕಡ್ಡಿ ನಂಗ್ ಗೊತ್ತಾಗಲ್ವೇನೆ, ಬೆಟ್ಟಿ? ಚಪ್ಪರದಡಿ ದಿನಾ ಬೆಳಿಗ್ಗೆ ನೋಡ್ತಿದ್ದೆ. ನನ್ ಬೆರಳು ಸಣ್ಣ, ನಿಂದು ಹೊಲದಲ್ಲಿ ಗೇಯ್ದಿರೋ ದಪ್ಪ ಬೆರಳು. ನೀನು ಹೊಸೆದಿರೋದ್ರಲ್ಲಿ ಬರಿ ಕಡ್ಡಿ ಜಾಸ್ತಿ ಬಿಟ್ಟಿರ್ತಿತ್ತು. ಮೊದಲ್ನೇ ದಿನಾನೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಸುಮ್ಕಿದ್ರಿ ಅಕ್ಕ?"

"ನೀನು ಹೇಳ್ತೀಯ ಅಂತ ಕಾದೆ ಕಣೆ. ಎಲ್ಲರ ಎದುರೂ ಕೂತು ಹೇಳೋಳು, ನನ್ ಎದುರು ಮಾತ್ರ ಕೂರ್ಲಿಲ್ಲ. ಅಂಬುಜಿಗೆ ಇಷ್ಟು ಮಾತು ತಡ್ಕೊಳೋ ಶಕ್ತಿನೂ ಇಲ್ಲ ಅಂತ ತೀರ್ಮಾನ ಮಾಡ್ಬುಟ್ಟೆ. ಬೆರಳಿಗಿಂತ ಅದೇ ಜಾಸ್ತಿ ನೋವಾಯ್ತು."

ಬೆಟ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಹೊಸಿಯೋದು ಬುಟ್ರೆ ನೀವಿನ್ನೇನು ಮಾಡ್ತೀರಿ, ನೀವೇ ಹೇಳಿ," ಎಂದಳು. ಅಂಬುಜಮ್ಮನವರು, ಕಟ್ಟು ಕಟ್ಟುವ ಮೊದಲು ಕಡ್ಡಿಗಳನ್ನು ತಾನು ಆರಿಸುತ್ತೇನೆ, ಅದಕ್ಕೆ ಹೆಬ್ಬೆರಳಿನ ಬಲ ಬೇಕಿಲ್ಲ ಎಂದರು. ಅದುವರೆಗೆ ಒಣಗಿದ ಕಡ್ಡಿಯನ್ನು ಯಾರೂ ಮತ್ತೆ ನೋಡುತ್ತಿರಲಿಲ್ಲ, ನೇರ ಕಟ್ಟುತ್ತಿದ್ದರು. ಅಂಬುಜಮ್ಮನವರು ಅವತ್ತೇ ತಮ್ಮ ಮಣೆಯನ್ನು ಗೋಡೆಗೆ ಒರಗಿಸಿ, ಹೊಸ್ತಿಲ ಹತ್ತಿರ ಕೂತರು. ಕಣ್ಣಿಂದಲ್ಲ, ಬೆರಳಲ್ಲಿ ಸವರಿ ಆರಿಸುತ್ತಿದ್ದರು. ಮೊದಲ ದಿನ ಅವರು ಎತ್ತಿ ಬಿಸಾಡಿದ್ದು ಪ್ರೇಮಮ್ಮನ ಅರವತ್ತು ಕಡ್ಡಿ, ಎರಡನೆಯದಾಗಿ ಬಿಸಾಡಿದ್ದು ಬೆಟ್ಟಮ್ಮ ಹಿಂದಿನ ಸಂಜೆಗಳಲ್ಲಿ ತಿದ್ದಿ ಹೊಸೆದಿದ್ದ ಹನ್ನೊಂದು. ಪ್ರೇಮಮ್ಮ ಬಾಯಿ ತೆರೆದವಳು ಆ ಹನ್ನೊಂದನ್ನು ಕಂಡು ಮುಚ್ಚಿಕೊಂಡಳು.

ಆ ದಸರೆಗೆ ಹೋದ ಮಾಲಿನಲ್ಲಿ ಒಂದು ಕಟ್ಟೂ ವಾಪಸು ಬರಲಿಲ್ಲ. ಜವರಯ್ಯ ಎರಡು ಸಲ ಬಂದು ಗೇಟಿನಲ್ಲಿ ವಿಚಾರಿಸಿಕೊಂಡು ಹೋದ. ಶೆಡ್ಡು ಉಳಿಯಿತು. ಆಯುಧಪೂಜೆಯ ದಿನ ಬೆಟ್ಟಮ್ಮ ಕಾಲಿಗೆ ಬಿದ್ದಾಗ ಅಂಬುಜಮ್ಮನವರು, "ಪೂಜೆ ಆಯ್ತಲ್ಲ, ಇನ್ಮೇಲೆ ತಪ್ಪು ಕಂಡ್ರೆ ಅವತ್ತೇ ಹೇಳು," ಎಂದರು. ಅಂದಿನಿಂದ ಕಾಲಿಗೆ ಬೀಳುವುದು ಹಾಗೆಯೇ ಇತ್ತು, ಹುಳುಕು ಹುಡುಕಬಾರದೆಂಬುದು ಮಾತ್ರ ಹೋಯಿತು.

ಅಂಬುಜಮ್ಮನವರು ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ತೀರಿಕೊಂಡರು. ಕೊನೆಯ ವಾರದವರೆಗೂ ಕೆಲಸಕ್ಕೆ ಬಂದಿದ್ದರೆಂದು ನನ್ನ ಹಾಜರಿ ಪುಸ್ತಕವೇ ಹೇಳುತ್ತದೆ. ಅವರು ಆರಿಸುತ್ತಿದ್ದ ಹೊಸ್ತಿಲ ಜಾಗದಲ್ಲಿ ಬೆಟ್ಟಮ್ಮ ಕೂತಳು. ಆ ಹೊತ್ತಿಗೆ ಶೆಡ್ಡಿನಲ್ಲಿ ಐವತ್ತು ಮಣೆಗಳಿದ್ದವು. ಮೇಸ್ತ್ರಿಕೆಯ ಜೊತೆಗೆ ಆರಿಸುವುದನ್ನೂ ಅವಳೇ ನೋಡಿಕೊಂಡಳು.

ಅರವತ್ತಾರರ ಶ್ರಾವಣ. ಬೆಟ್ಟಮ್ಮನ ಕೈಬೆರಳು ಮರಗಟ್ಟುತ್ತಿತ್ತು ಎಂಬುದು ನನಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಪ್ರೇಮಮ್ಮ ತನ್ನ ಮಣೆಯಿಂದ ಎದ್ದು ಹೊಸ್ತಿಲಿಗೆ ಬಂದು, ಬೆಟ್ಟಮ್ಮನ ಎದುರು ಚಕ್ಕಂಬಕ್ಕಳ ಹಾಕಿ ಕೂತಳು. ಆರಿಸಿಟ್ಟಿದ್ದ ಕಟ್ಟಿನಿಂದ ಒಂದು ಕಡ್ಡಿ ಎಳೆದು ಅವಳ ಕೈಗಿಟ್ಟಳು.

"ಬೆಟ್ಟಕ್ಕ, ಇದು ಗಂಟು ಕಡ್ಡಿ. ಇಂಥವು ನಾಕು ಬಿಟ್ಟಿದ್ದೀರಿ. ನಿಮ್ ಬೆರಳ್ಗೆ ತಿಳೀತಾ ಇಲ್ಲ."

ಬೆಟ್ಟಮ್ಮ ಕಡ್ಡಿಯನ್ನು ಎರಡು ಸಲ ಸವರಿದಳು. ಮೂರನೆಯ ಸಲ ಕೆನ್ನೆಗೆ ತಾಗಿಸಿ ನೋಡಿದಳು. ಆಮೇಲೆ ಎದ್ದು ನನ್ನ ಮೇಜಿನ ಹತ್ತಿರ ಬಂದಳು.

"ರೈಟ್ರೇ, ನಾಳೆಯಿಂದ ಮೇಸ್ತ್ರಿ ಅನ್ನೋ ಕಡೆ ಪ್ರೇಮನ ಹೆಸರು ಬರೀರಿ. ಯಜಮಾನ್ರಿಗೆ ನಾನೇ ಹೇಳ್ತೀನಿ."

ಯಾರಾದರೂ ನಿನಗೆ ಏನಾದರೂ ಅಂದರಾ ಎಂದು ಕೇಳಿದೆ. ಹದಿಮೂರು ವರ್ಷ ಅವಳ ಹೆಸರು ಬರೆದ ಜಾಗದಲ್ಲಿ ಇನ್ನೊಂದು ಹೆಸರು ಬರೆಯಲು ನನಗೆ ಮನಸ್ಸು ಬರಲಿಲ್ಲ. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಅಂಬುಜಕ್ಕನಿಗೆ ಒಂದು ಮಾತೇಳೋಕೆ ನಂಗೆ ಒಂದೂವರೆ ತಿಂಗಳು ಬೇಕಾಯ್ತು," ಎಂದಳು. "ಪ್ರೇಮ ನೋಡಿ, ಇವತ್ತು ಬೆಳಿಗ್ಗೆ ಕಂಡ್ಳು, ಇವತ್ತು ಬೆಳಿಗ್ಗೇನೇ ಹೇಳ್ಬುಟ್ಳು. ಇನ್ನೇನ್ ಕಲಿಸ್ಲಿ ರೈಟ್ರೇ ನಾನು?"