ಕರೆದರೆ ಬಂದು ಗುದ್ದುವ ಕುರಿ

ರಾಯಚೂರು ಕಡೆಯ ಜಾಲಹಳ್ಳಿ ಹತ್ತಿರದ ಕುರಿಹಟ್ಟಿಯಲ್ಲಿ ಒಂದು ಮರಿಯ ಬಾಲದ ಬುಡದ ಗಾಯಕ್ಕೆ ಔಷಧ ಹಚ್ಚಿ ಕೆಳಗೆ ಬಿಟ್ಟೆ. ಮರಿ ಬ್ಯಾ ಎಂದು ಒದರಿತು. ತಾಯಿ ದೂರದಿಂದಲೇ ಓಗೊಟ್ಟು ಓಡಿ ಬಂತು, ಮೂಸಿತು, ತಲೆಯಿಂದ ಗುದ್ದಿ ತಳ್ಳಿತು. ಮರಿ ಮತ್ತೆ ಒದರಿದರೆ ಮತ್ತೆ ಓಡಿ ಬಂತು, ಮತ್ತೆ ಗುದ್ದಿತು. ನನಗೆ ತಲೆಬುಡ ತಿಳಿಯಲಿಲ್ಲ.

"ಯವ್ವಾ, ಇದು ಇದರ ಮರಿನೇ ಹೌದಲ್ಲ?" ಎಂದು ಕುರಿ ಕಾಯುವ ಮುದುಕಿಯನ್ನು ಕೇಳಿದೆ.

"ದನಿ ಮರೀದೇ ಅದ ಡಾಕ್ಟ್ರ, ವಾಸನಿ ನಿಮ್ಮ ಔಷಧದ್ದು. ಪಾಪ, ಅದಕ್ಕೂ ತಿಳಿವಲ್ದು."

ಆಕೆ ತಾಯಿಯ ಹಾಲನ್ನೇ ಹಿಂಡಿ ಮರಿಯ ಮೈಗೆ ಸವರಿದಳು. ಕುರಿ ಬಹಳ ಹೊತ್ತು ಮೂಸಿ, ಕೊನೆಗೆ ಹಾಲು ಕುಡಿಸಿತು.

ಸಂಜೆ ರಾಯಚೂರಿನ ಮನೆ ಬಾಗಿಲಲ್ಲಿ ನಿಂತು ಮಗಳನ್ನು ಕರೆದೆ. ದನಿ ಕೇಳಿ ಓಡಿ ಬಂದವಳು ನನ್ನ ಮೈಯ ಕುರಿವಾಸನೆಗೆ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ನಾನು ಏನು ಸವರಿಕೊಳ್ಳಬೇಕೆಂದು ಆ ಯವ್ವನನ್ನು ಕೇಳಿ ಬಂದಿರಲಿಲ್ಲ.